60 ಇಮೇಲ್, 2 ಉತ್ತರ: ಪೋಸ್ಟ್‌ಡಾಕ್ ಹುಡುಕುವುದು ಹೇಗೆ?

ಪ್ರಶ್ನೆ: ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸಿ ಸೋಮವಾರಪೇಟೆಯ ಮನೆಗೆ ಬಂದಿದ್ದೇನೆ. ಕ್ಯಾನ್ಸರ್ ಜೀನೋಮಿಕ್ಸ್‌ನಲ್ಲಿ (ಕ್ಯಾನ್ಸರ್ ಕೋಶಗಳ ಜೀನ್‌ಗಳ ಅಧ್ಯಯನ) ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ನಂತರದ ಸಂಶೋಧನೆ, ಮಾಡುವ ಆಸೆ. ಹೆಸರಷ್ಟೇ ಬದಲಿಸಿ 60 ಪ್ರಾಧ್ಯಾಪಕರಿಗೆ ಒಂದೇ ಪತ್ರ ಕಳಿಸಿದೆ. ಬಂದ ಎರಡು ಉತ್ತರಗಳೂ ‘ಜಾಗವಿಲ್ಲ’ ಎಂದವು. ಜೀವಶಾಸ್ತ್ರ ಓದದಿರುವುದು ಅಡ್ಡಿಯೇ?
– ಓದುಗರು, ಸೋಮವಾರಪೇಟೆ

ಉತ್ತರ: ಖಂಡಿತ ಅಲ್ಲ. ದತ್ತಾಂಶ ರಾಶಿ ಬಿದ್ದು, ಅದನ್ನು ವಿಶ್ಲೇಷಿಸುವವರಿಲ್ಲದ ಪ್ರಯೋಗಾಲಯಗಳು ಸಾಕಷ್ಟಿವೆ. ತೊಡಕಿರುವುದು ಪತ್ರದಲ್ಲಿ. ‘ನಿಮ್ಮ ಸಂಶೋಧನೆಯಿಂದ ಪ್ರಭಾವಿತನಾಗಿದ್ದೇನೆ’ ಎಂಬ ಸಾಲು ಯಾರಿಗೂ ಹೊಂದುತ್ತದೆ. ಹಾಗಾಗಿಯೇ ಯಾರನ್ನೂ ತಟ್ಟುವುದಿಲ್ಲ. ವಾರಕ್ಕೆ ಮೂರೇ ಪತ್ರ ಬರೆಯಿರಿ. ಅವರ ಇತ್ತೀಚಿನ ಪ್ರಬಂಧವೊಂದನ್ನು ಪೂರ್ತಿ ಓದಿ, ಅದರಲ್ಲಿ ನಿಮ್ಮ ವಿಧಾನ ಯಾವ ಪ್ರಶ್ನೆಯನ್ನು ಬಿಡಿಸಬಲ್ಲದು ಎಂದು ಮೊದಲ ಮೂರು ಸಾಲಿನಲ್ಲೇ ಹೇಳಿ. ಎರಡು ಪುಟದ ಸಿವಿ, ಮೂವರು ಶಿಫಾರಸುದಾರರ ವಿವರ ಜೊತೆಗಿರಲಿ. ಹತ್ತು ದಿನದ ನಂತರ ಒಮ್ಮೆ ನೆನಪಿಸಿ, ಅಷ್ಟು ಸಾಕು.

ಜೀವಶಾಸ್ತ್ರದ ಪದವಿಯಿಲ್ಲದ ಕೊರತೆಯನ್ನು ಮಾಡಿ ತೋರಿಸಿದ ಕೆಲಸ ತುಂಬುತ್ತದೆ. 33 ಬಗೆಯ ಕ್ಯಾನ್ಸರ್‌ಗಳ ಮಾಹಿತಿಯಿರುವ ಟಿಸಿಜಿಎ (ದಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಎಂಬ ದತ್ತಾಂಶ ಸಂಗ್ರಹದಲ್ಲಿ ಜೀನ್ ಅಭಿವ್ಯಕ್ತಿಯ, ಅಂದರೆ ಯಾವ ಜೀನ್ ಎಷ್ಟು ಸಕ್ರಿಯ ಎಂದು ತೋರಿಸುವ, ಕೋಷ್ಟಕಗಳು ಮುಕ್ತವಾಗಿ ಸಿಗುತ್ತವೆ. ಮೂಲ ಸೀಕ್ವೆನ್ಸ್ ಕಡತಗಳಿಗೆ ಮಾತ್ರ ಅನುಮತಿ ಬೇಕು, ಅವು ಮನೆಯ ಇಂಟರ್ನೆಟ್‌ಗೆ ಬಗ್ಗುವ ಗಾತ್ರದವೂ ಅಲ್ಲ. ಒಂದು ಕ್ಯಾನ್ಸರ್ ಆರಿಸಿಕೊಂಡು ಚಿಕ್ಕ ವಿಶ್ಲೇಷಣೆ ಮಾಡಿ, ಕೋಡನ್ನು ಕೋಡ್ ಹಂಚುವ ಜಾಲತಾಣ ಗಿಟ್‌ಹಬ್‌ಗೆ ಹಾಕಿ ಪತ್ರದಲ್ಲಿ ಕೊಂಡಿ ಕೊಡಿ.

ಹಣ ನೀವೇ ತರಬಲ್ಲಿರಾದರೆ ‘ಜಾಗವಿಲ್ಲ’ ಎಂಬ ಮಾತು ಎಷ್ಟೋ ಕಡೆ ಬದಲಾಗುತ್ತದೆ. ಜೀವವಿಜ್ಞಾನ ಸಂಶೋಧನೆಗೆ ಹಣ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಎಚ್‌ಎಫ್‌ಎಸ್‌ಪಿಯ (ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ) ಕ್ರಾಸ್-ಡಿಸಿಪ್ಲಿನರಿ ಫೆಲೋಶಿಪ್ ಇರುವುದೇ ಗಣಿತ, ಭೌತಶಾಸ್ತ್ರದಂಥ ಕ್ಷೇತ್ರಗಳಿಂದ ಜೀವವಿಜ್ಞಾನಕ್ಕೆ ಬರುವವರಿಗಾಗಿ. ಅವಧಿ 3 ವರ್ಷ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಗಡುವು. ನಿಮ್ಮನ್ನು ಸೇರಿಸಿಕೊಳ್ಳುವ ಆತಿಥೇಯ ಪ್ರಾಧ್ಯಾಪಕರು ಬೇಸಿಗೆಯಲ್ಲೇ ಒಪ್ಪಿರಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನ ಎಫ್32 ಫೆಲೋಶಿಪ್ ಅಲ್ಲಿನ ಪೌರರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಅದರ ಹಿಂದೆ ಹೋಗಬೇಡಿ.

ಸಂದರ್ಶನದಲ್ಲಿ ಒಂದು ಪ್ರಶ್ನೆ ನೀವು ಕೇಳಲೇಬೇಕು: ನಾನು ವಿಶ್ಲೇಷಿಸುವ ದತ್ತಾಂಶ ಈಗಾಗಲೇ ಕೈಯಲ್ಲಿದೆಯೇ, ಇನ್ನೂ ಸಂಗ್ರಹವಾಗಬೇಕೇ? ರೋಗಿಗಳ ಮಾದರಿ, ನೈತಿಕ ಸಮಿತಿಯ ಒಪ್ಪಿಗೆ ಎಂದು ಕಾಯುತ್ತ ಕೂತರೆ ಮೊದಲ ವರ್ಷವೇ ಕೈಬಿಟ್ಟು ಹೋಗುತ್ತದೆ. ಹಿಂದಿನ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ ಎಂದು ಅವರನ್ನೇ ಸಂಪರ್ಕಿಸಿ ತಿಳಿಯಿರಿ.

ಸಂದರ್ಶನ ಆನ್‌ಲೈನ್ ಆದರೆ ಸಮಯದ ಕಡೆ ಗಮನವಿರಲಿ: ಅಮೆರಿಕದ ಬೋಸ್ಟನ್‌ನ ಬೆಳಿಗ್ಗೆ 10 ಗಂಟೆ ಅಂದರೆ ಜುಲೈನಲ್ಲಿ ನಮಗೆ ರಾತ್ರಿ 7.30. ಕೊಡಗಿನ ಮಳೆಗಾಲದಲ್ಲಿ ಆ ಹೊತ್ತಿಗೆ ಕರೆಂಟ್ ಇರುತ್ತದೆಂದು ನಂಬಿ ಕೂರಬೇಡಿ. ಸ್ಲೈಡ್‌ಗಳನ್ನು ಹಿಂದಿನ ದಿನವೇ ಅವರಿಗೆ ಕಳಿಸಿ; ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಬೇರೆ ಕಂಪನಿಯ ಸಿಮ್ ಇರುವ ಫೋನೊಂದು ಪಕ್ಕದಲ್ಲಿರಲಿ.