ಮುದ್ದೆ ಉಂಡರೂ ಕೊಲೆಸ್ಟ್ರಾಲ್ ಇಳಿಯಲಿಲ್ಲವೇಕೆ?

ಪ್ರಶ್ನೆ: ನನಗೆ 46 ವರ್ಷ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 148 ಬಂದ ಮೇಲೆ ಅನ್ನ ಬಿಟ್ಟು ಎರಡು ಹೊತ್ತೂ ರಾಗಿಮುದ್ದೆ, ನವಣೆ ಅನ್ನ ಉಣ್ಣುತ್ತಿದ್ದೇನೆ. ಮೂರು ವಾರವಾಯಿತು. ಹೊಟ್ಟೆಯುಬ್ಬರ ಶುರುವಾಗಿದೆ, ಮಲ ಗಟ್ಟಿಯಾಗಿದೆ. ಎಲ್‌ಡಿಎಲ್ ಈಗ 145. ಇದರಿಂದ ಪ್ರಯೋಜನವಿಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಖಂಡಿತ ಇದೆ. ಆದರೆ ಕೊಲೆಸ್ಟ್ರಾಲ್ ಇಳಿಸುವ ನಾರು ರಾಗಿಯಲ್ಲಿ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೂ ನೀರಿನಲ್ಲಿ ಕರಗುವುದು 2 ಗ್ರಾಂಗಿಂತ ಕಡಿಮೆ. ನಿಮಗೆ ಬೇಕಾದದ್ದು ಓಟ್ಸ್ ಮತ್ತು ಬಾರ್ಲಿಯಲ್ಲಿರುವ ಬೀಟಾ ಗ್ಲೂಕಾನ್ ಎಂಬ ಲೋಳೆಯಂಥ ನಾರು. ಅದು ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಸಿಕ್ಕರೆ ಎಲ್‌ಡಿಎಲ್ ಸಾಮಾನ್ಯವಾಗಿ ಶೇ. 5ರಿಂದ 7ರಷ್ಟು ಇಳಿಯುತ್ತದೆ, ನಿಮಗೆ ಅಂದರೆ 7ರಿಂದ 10 ಅಂಶ.

ಬೆಳಿಗ್ಗೆ 40 ಗ್ರಾಂ ಓಟ್ಸ್, ರಾತ್ರಿ 40 ಗ್ರಾಂ ಬಾರ್ಲಿ ತಿಂದರೆ ಈ ಪ್ರಮಾಣ ಹೆಚ್ಚುಕಡಿಮೆ ಸಿಗುತ್ತದೆ. ಬಾರ್ಲಿಯನ್ನು ಏಳೆಂಟು ಗಂಟೆ ನೆನೆಸಿ, ಕಾಳು ಮೆತ್ತಗಾಗುವವರೆಗೆ ಬೇಯಿಸಿ. ಬೆಂದ ನೀರು ಲೋಳೆಯಾಗಿದೆಯೆಂದು ಬಸಿದು ಚೆಲ್ಲಬೇಡಿ, ಕರಗಿದ ನಾರು ಅಲ್ಲೇ ಇರುತ್ತದೆ. ಹಾಗೆಂದು ಬರೀ ಬಾರ್ಲಿ ನೀರು ಕುಡಿದರೂ ಸಾಲದು, ಕಾಳನ್ನೂ ತಿನ್ನಬೇಕು. ಬಿಸಿಬೇಳೆಬಾತಿಗೆ ಅಕ್ಕಿಯ ಬದಲು ಹಾಕಿದರೆ ಚೆನ್ನಾಗಿ ಹೊಂದುತ್ತದೆ. ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್) ಆಗದವರು ಮಾತ್ರ ಬಾರ್ಲಿ ಮುಟ್ಟಬಾರದು.

ಉಬ್ಬರಕ್ಕೆ ಕಾರಣ, ನಾರನ್ನು ಒಮ್ಮೆಲೇ ಹೆಚ್ಚಿಸಿದ್ದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲ ತಯಾರಿಸುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ. ಜೊತೆಗೆ ಗ್ಯಾಸೂ ಹುಟ್ಟುತ್ತದೆ. ಆದ್ದರಿಂದ ಎರಡು ವಾರ ಒಂದೇ ಹೊತ್ತು ಮುದ್ದೆ ಉಣ್ಣಿ. ಓಟ್ಸ್, ಬಾರ್ಲಿಯನ್ನೂ ಅರ್ಧ ಅಳತೆಯಿಂದ ಶುರುಮಾಡಿ ವಾರವಾರ ಏರಿಸಿ. ನೀರು ಸಾಲದಿದ್ದರೆ ನಾರು ತಿಂದೂ ಮಲ ಗಟ್ಟಿಯಾಗುತ್ತದೆ. ದಿನಕ್ಕೆ ಎಂಟು ಲೋಟವಾದರೂ ಕುಡಿಯಿರಿ.

ರಾಗಿ ಹಿಟ್ಟನ್ನು ನಯವಾದ ಜರಡಿಯಲ್ಲಿ ಹಿಡಿದರೆ ಹೊಟ್ಟಿನ ನಾರು ಹೋಗುತ್ತದೆ. ನವಣೆ ಕೊಳ್ಳುವಾಗ ಪಾಲಿಶ್ ಮಾಡದ್ದನ್ನೇ ಕೇಳಿ. ಅದರ ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕಮಟುತ್ತದೆ, ತಿಂಗಳಿಗೆ ಬೇಕಾದಷ್ಟೇ ತನ್ನಿ.

148, 145ರ ಅಂತರಕ್ಕೆ ಅರ್ಥವಿಲ್ಲ, ದಿನದಿಂದ ದಿನಕ್ಕೇ ಅಷ್ಟು ಹೆಚ್ಚುಕಡಿಮೆ ಆಗುತ್ತದೆ. ಪೂರ್ತಿ ಅಳತೆಗೆ ಬಂದ ಮೇಲೆ ಎಂಟು ವಾರ ಬಿಟ್ಟು ಪರೀಕ್ಷಿಸಿ. ಮುದ್ದೆಗೆ ತುಪ್ಪ, ಪಲ್ಯಕ್ಕೆ ಕೊಬ್ಬರಿ ಎಣ್ಣೆ ಧಾರಾಳವಾಗಿದ್ದರೆ ಅದನ್ನೂ ಇಳಿಸಿ. ವೈದ್ಯರು ಮಾತ್ರೆ ಬರೆದಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ ತಡಮಾಡದೆ ತೋರಿಸಿ.