ಎಂಜಿನ್ ಯಾರದೋ, ಮಾರುವ ಹಕ್ಕೂ ಅವರದೇ

ದಾವಣಗೆರೆಯ ನಿವೃತ್ತ ಭೌತವಿಜ್ಞಾನ ಉಪನ್ಯಾಸಕರೊಬ್ಬರು ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ನಮ್ಮ ಯುದ್ಧವಿಮಾನ ತೇಜಸ್ಸನ್ನು ಚೀನಾ ಮತ್ತು ಪಾಕಿಸ್ತಾನ ಸೇರಿ ರೂಪಿಸಿದ ಜೆಎಫ್-17ರ ಪಕ್ಕದಲ್ಲಿಟ್ಟು, ರೇಡಾರ್, ಹೊರಮೈಯ ಹಗುರ ವಸ್ತುಗಳು, ಹಾರಾಟ ನಿಯಂತ್ರಣ ಈ ಮೂರರಲ್ಲೂ ನಮ್ಮದೇ ಮೇಲೆಂದು ಅವರು ತೀರ್ಮಾನಿಸಿದ್ದಾರೆ. ಹಾಗಿದ್ದರೂ ಜೆಎಫ್-17 ಅನ್ನು ಮ್ಯಾನ್ಮಾರ್, ನೈಜೀರಿಯಾ, ಅಜರ್‌ಬೈಜಾನ್ ಕೊಂಡವು, ತೇಜಸ್ಸನ್ನು ಯಾರೂ ಕೊಳ್ಳಲಿಲ್ಲ, ಇದು ಏಕೆ ಎಂಬುದು ಅವರ ಪ್ರಶ್ನೆ. 2025ರ ನವೆಂಬರಿನಲ್ಲಿ ದುಬೈ ವೈಮಾನಿಕ ಪ್ರದರ್ಶನದಲ್ಲಿ ತೇಜಸ್ ಬಿದ್ದ ಅಪಘಾತದಿಂದ ರಫ್ತಿನ ಬಾಗಿಲು ಮುಚ್ಚಿಹೋಯಿತೇ ಎಂಬ ಕಳವಳವನ್ನೂ ತೋಡಿಕೊಂಡಿದ್ದಾರೆ.

ಮಾನ್ಯರೇ, ಮೊದಲು ದುಬೈ ವಿಷಯ. 2025ರ ನವೆಂಬರ್ 21ರಂದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಅವರನ್ನು ನಾವು ಕಳೆದುಕೊಂಡೆವು. ಆ ನಷ್ಟವನ್ನು ಮಾರುಕಟ್ಟೆಯ ಲೆಕ್ಕದಲ್ಲಿ ಅಳೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ನಿಮ್ಮ ಕಳವಳಕ್ಕೆ ಇಷ್ಟು ಹೇಳಬಲ್ಲೆ: ಸ್ವೀಡನ್ನಿನ ಗ್ರಿಪೆನ್ 1993ರಲ್ಲಿ ಸ್ಟಾಕ್‌ಹೋಮಿನ ಜನಸಂದಣಿಯ ಕಣ್ಣೆದುರೇ ಬಿದ್ದಿತ್ತು. ಆಮೇಲೆ ಹಂಗೇರಿ, ಜೆಕ್ ಗಣರಾಜ್ಯ, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್, ಬ್ರೆಜಿಲ್ ಅದನ್ನು ಪಡೆದವು. ಒಂದು ಅಪಘಾತ ಒಳ್ಳೆಯ ವಿಮಾನದ ಹಣೆಬರಹ ಬರೆಯುವುದಿಲ್ಲ.

ನಿಮ್ಮ ಹೋಲಿಕೆ ಶ್ರದ್ಧೆಯಿಂದ ಮಾಡಿದ್ದು, ರೇಡಾರು ಕ್ಷಿಪಣಿಗಳು ಮುಖ್ಯವಲ್ಲವೆಂದು ನಾನು ಹೇಳಲಾರೆ. ಆದರೆ ನಾಲ್ಕು ಪುಟಗಳಲ್ಲಿ ಎಂಜಿನ್ನಿಗೆ ನೀವು ಕೊಟ್ಟದ್ದು ಒಂದೇ ವಾಕ್ಯ, ಅದೂ ನೂಕುಬಲದ ಅಂಕಿ ಮಾತ್ರ. ಭೌತವಿಜ್ಞಾನ ಕಲಿಸಿದವರಿಂದ ನಾನು ಹೆಚ್ಚು ನಿರೀಕ್ಷಿಸಿದ್ದೆ. ಯುದ್ಧವಿಮಾನವನ್ನು ಯಾರಿಗೆ ಮಾರಬಹುದು, ಯಾರಿಗೆ ಮಾರಕೂಡದು ಎಂಬುದು ಬಹುಪಾಲು ನಿರ್ಧಾರವಾಗುವುದು ಅದರ ಎಂಜಿನ್ ಯಾರದು ಎಂಬುದರಿಂದ.

ಇದಕ್ಕೆ ಸಾಕ್ಷಿ ನಮ್ಮದೇ ಇತಿಹಾಸದಲ್ಲಿದೆ. 1970ರ ದಶಕದ ಕೊನೆಯಲ್ಲಿ ಭಾರತ ಹೊಸ ದಾಳಿ ವಿಮಾನ ಹುಡುಕುತ್ತಿದ್ದಾಗ ಸ್ವೀಡನ್ನಿನ ವಿಗ್ಗೆನ್ ಸ್ಪರ್ಧೆಯಲ್ಲಿತ್ತು. ವಿಮಾನ ಸ್ವೀಡನ್ನಿನದು, ಕೊಳ್ಳಬಯಸಿದ್ದು ಭಾರತ. ಆದರೆ ಅದರ ಎಂಜಿನ್ನಿನ ಮೂಲ ಅಮೆರಿಕದ್ದಾಗಿದ್ದರಿಂದ 1978ರಲ್ಲಿ ಕಾರ್ಟರ್ ಸರ್ಕಾರ ಪರವಾನಗಿ ಕೊಡಲಿಲ್ಲ, ಮಾತು ಅಲ್ಲಿಗೇ ನಿಂತಿತು. ನಾವು ಜಾಗ್ವಾರ್ ಆರಿಸಿಕೊಂಡೆವು. ಇಸ್ರೇಲ್ ತನ್ನ ಕ್ಫಿರ್ ವಿಮಾನವನ್ನು ಈಕ್ವೆಡಾರಿಗೆ ಮಾರಲು ಹೊರಟಾಗಲೂ ಅದೇ ಸರ್ಕಾರ, ಅದೇ ಕಾರಣಕ್ಕೆ ತಡೆಯಿತು. ಎಂಜಿನ್ನಷ್ಟೇ ಏಕೆ, ಬಿಡಿಭಾಗಗಳೂ ಸಾಕು: ಅರ್ಜೆಂಟೀನಾ 2020ರಲ್ಲಿ ದಕ್ಷಿಣ ಕೊರಿಯಾದ ಎಫ್‌ಎ-50 ಯುದ್ಧವಿಮಾನ ಕೇಳಿದಾಗ, ಅದರಲ್ಲಿರುವ ಬ್ರಿಟನ್ನಿನ ಭಾಗಗಳಿಗೆ ಆ ದೇಶ ರಫ್ತು ಅನುಮತಿ ಕೊಡದ ಕಾರಣಕ್ಕೆ ಕೊರಿಯಾ ಕೈಚೆಲ್ಲಬೇಕಾಯಿತು. ನಮ್ಮ ತೇಜಸ್ಸಿನಲ್ಲೂ ವೈಮಾನಿಕ ಕೂರುವ ಆಸನ ಬ್ರಿಟನ್ನಿನದೇ, ಎಂಜಿನ್ ಅಮೆರಿಕದ ಎಫ್-404.

ಎಫ್‌ಎ-50ಯಲ್ಲಿರುವುದೂ ಅಮೆರಿಕದ ಎಫ್-404 ಎಂಜಿನ್ನೇ, ಆದರೂ 2023ರಲ್ಲಿ ಮಲೇಷ್ಯಾ ತೇಜಸ್ಸನ್ನು ಬಿಟ್ಟು ಅದರ 18 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೊರಿಯಾ ಅಮೆರಿಕದ ಸೇನಾ ಮಿತ್ರ, ನಾವಲ್ಲ. ನಮಗೆ 99 ಎಂಜಿನ್‌ಗಳ ಒಪ್ಪಂದ 2021ರಲ್ಲಿ ಆಯಿತು, ಮೊದಲನೆಯದು ಕೈಸೇರಿದ್ದು 2025ರ ಮಾರ್ಚಿನಲ್ಲಿ. ಅಷ್ಟರಲ್ಲಿ ತೇಜಸ್ಸಿನ ಸುಧಾರಿತ ಮಾದರಿ ಮಾರ್ಕ್-1ಎ ವಾಯುಪಡೆಗೆ ಸಲ್ಲಬೇಕಿದ್ದ ಮೊದಲ ಗಡುವು ಕಳೆದು ವರ್ಷವಾಗಿತ್ತು. ನಮ್ಮ ವಾಯುಪಡೆಗೇ ಹೊತ್ತಿಗೆ ಸರಿಯಾಗಿ ಕೊಡಲಾಗದ ವಿಮಾನವನ್ನು ಹೊರಗಿನವರು ಯಾವ ಧೈರ್ಯದಿಂದ ಕೊಂಡಾರು?

ಈಗ ಫ್ರಾನ್ಸನ್ನು ನೋಡಿ. ರಫಾಲ್‌ನ ಮೊದಲ ಮಾದರಿ 1986ರಲ್ಲಿ ಹಾರಿದ್ದು ಇದೇ ಅಮೆರಿಕದ ಎಫ್-404ನಿಂದ. ಆದರೆ ಫ್ರೆಂಚರು ಅಲ್ಲಿಗೆ ತೃಪ್ತರಾಗದೆ ತಮ್ಮ ಎಂ-88 ಎಂಜಿನ್ನನ್ನು ಸಿದ್ಧಪಡಿಸಿ ಅದರ ಜಾಗದಲ್ಲಿ ಕೂರಿಸಿದರು. ಮೊದಲ ವಿದೇಶಿ ಗಿರಾಕಿಯಾಗಿ ಈಜಿಪ್ಟ್ ಬಂದದ್ದು 2015ರಲ್ಲಿ. ಅಲ್ಲಿಯವರೆಗೂ ಸ್ವಂತ ಸೇನೆಯೇ ಕೊಂಡು ಕಾರ್ಖಾನೆಯನ್ನು ಉಳಿಸಿತು. ಇಂದು ರಫಾಲ್ ಮಾರಲು ಅವರು ವಾಷಿಂಗ್ಟನ್ನಿನ ಎಂಜಿನ್ ಪರವಾನಗಿಗೆ ಕಾಯಬೇಕಿಲ್ಲ. ಈ ತಾಳ್ಮೆಯನ್ನು ನಾನು ತುಂಬ ಗೌರವಿಸುತ್ತೇನೆ, ನಮ್ಮಲ್ಲಿ ಅದು ಕಾಣದಿರುವುದೇ ನನ್ನ ದೊಡ್ಡ ನೋವು.

ಬೆಂಗಳೂರಿನಲ್ಲಿ ಜರ್ಮನಿಯ ವಿನ್ಯಾಸಕ ಕುರ್ಟ್ ಟ್ಯಾಂಕ್ ರೂಪಿಸಿದ ಮಾರುತ್ ಯುದ್ಧವಿಮಾನ 1961ರಲ್ಲಿ ಹಾರಿತು. ಅದಕ್ಕೆಂದು ಯೋಚಿಸಿದ್ದ ಬಲವಾದ ಎಂಜಿನ್ ಅಭಿವೃದ್ಧಿಗೆ ಹಣ ತೊಡಗಿಸಲು ಅಂದಿನ ಸರ್ಕಾರ ಹಿಂಜರಿದದ್ದರಿಂದ, ಧ್ವನಿಯ ವೇಗವನ್ನು ಮೀರಬೇಕಿದ್ದ ವಿಮಾನ ದುರ್ಬಲ ಎಂಜಿನ್ನಿನಲ್ಲೇ ದಿನ ದೂಡಿತು. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿಯೇ ಹೋರಾಡಿತು, ಆದರೆ ವಂಶ ಬೆಳೆಯಲಿಲ್ಲ. ಇದೇ ಊರಿನಲ್ಲಿ ತೇಜಸ್ಸಿಗೆಂದು 1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್ ಬೇಕಾದಷ್ಟು ನೂಕುಬಲ ಕೊಡಲಿಲ್ಲ, ತೂಕವೂ ಹೆಚ್ಚಾಯಿತು. 2008ರಲ್ಲಿ ಅದನ್ನು ತೇಜಸ್ಸಿನಿಂದ ಬೇರ್ಪಡಿಸಲಾಯಿತು. ಟರ್ಬೈನಿನ ಅಲಗುಗಳು ತಮ್ಮ ಲೋಹವೇ ಕರಗಬಹುದಾದ ಉಷ್ಣತೆಯ ಅನಿಲದ ನಡುವೆ ತಿರುಗಬೇಕು. ಅವನ್ನು ಒಂದೇ ಹರಳಾಗಿ ಎರಕ ಹೊಯ್ದು, ಕೂದಲೆಳೆಯಂಥ ರಂಧ್ರಗಳಿಂದ ತಂಪುಗಾಳಿ ಹಾಯಿಸುವ ವಿದ್ಯೆಯನ್ನು ಯಾರೂ ಮಾರುವುದಿಲ್ಲ. ಮಾಡಿ, ಸುಟ್ಟುಕೊಂಡು, ಮತ್ತೆ ಮಾಡಿಯೇ ಕಲಿಯಬೇಕು. ಕಾವೇರಿಯ ವಿಜ್ಞಾನಿಗಳಿಗೆ ಎಂಜಿನ್ನನ್ನು ಆಕಾಶದಲ್ಲಿ ಪರೀಕ್ಷಿಸುವ ಒಂದು ವಿಮಾನವನ್ನೂ ಒದಗಿಸದೆ ರಷ್ಯಾಕ್ಕೆ ಕಳಿಸಿದ ನಾವು, ಅವರ ಸೋಲನ್ನು ಮಾತ್ರ ಎಣಿಸುತ್ತ ಬಂದೆವು. ಇದು ಅನ್ಯಾಯ.

ರಫ್ತಿಗೆ ಇನ್ನೊಂದು ಪಾಠ ನಮ್ಮ ಧ್ರುವ್ ಹೆಲಿಕಾಪ್ಟರಿನದು. ಈಕ್ವೆಡಾರ್ ಕೊಂಡ ಏಳರಲ್ಲಿ ನಾಲ್ಕು ಬಿದ್ದವು, 2015ರಲ್ಲಿ ಒಪ್ಪಂದವೇ ರದ್ದಾಯಿತು. ತಪ್ಪು ಯಾರದೆಂಬ ವಾದ ಏನೇ ಇರಲಿ, ಕೊಳ್ಳುವವರು ಮೂವತ್ತು ವರ್ಷಗಳ ದುರಸ್ತಿ, ತರಬೇತಿ, ಬಿಡಿಭಾಗಗಳ ಭರವಸೆಯನ್ನು ಕೊಳ್ಳುತ್ತಾರೆ. ಎಂಜಿನ್ ಬೇರೆಯವರದಾಗಿರುವಾಗ ಆ ಭರವಸೆಯನ್ನು ನಾವೊಬ್ಬರೇ ಕೊಡಲಾರೆವು.

ಮುಂದಿನ ಪೀಳಿಗೆಯ ವಿಮಾನಕ್ಕೆ ಫ್ರಾನ್ಸಿನ ಸಾಫ್ರಾನ್ ಜೊತೆ ಸೇರಿ ಭಾರತದಲ್ಲೇ ಎಂಜಿನ್ ಮಾಡುವುದಾಗಿ ರಕ್ಷಣಾ ಸಚಿವರು 2025ರ ಆಗಸ್ಟ್‌ನಲ್ಲಿ ಹೇಳಿದ್ದಾರೆ. ನಿಮ್ಮ ಶ್ರದ್ಧೆಯನ್ನು ದಯವಿಟ್ಟು ಅತ್ತ ತಿರುಗಿಸಿ. ಆ ಎಂಜಿನ್ನಿನ ವಿನ್ಯಾಸದ ಹಕ್ಕು ಯಾರದಾಗಿರುತ್ತದೆ, ಅದನ್ನು ಕೂರಿಸಿದ ವಿಮಾನವನ್ನು ಮೂರನೆಯ ದೇಶಕ್ಕೆ ಮಾರಲು ನಮಗೆ ಬೇರೆಯವರ ಅನುಮತಿ ಬೇಕಾಗುತ್ತದೆಯೇ ಎಂದು ನಿಮ್ಮ ಸಂಸದರಿಗೆ ಇಂಥದೇ ನಾಲ್ಕು ಪುಟಗಳ ಪತ್ರ ಬರೆದು ಕೇಳಿ. ಉತ್ತರ ಬಂದರೆ ಪೂರ್ತಿ ಪ್ರಕಟಿಸುತ್ತೇವೆ.

— ಸಂಪಾದಕ