ಕೀ ತಿರುಗಿಸಿದರೆ ‘ಟಕ್’, ಆಮೇಲೆ ಸದ್ದೇ ಇಲ್ಲ

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರ್. ನಾಲ್ಕು ತಿಂಗಳಿಂದ ಒಂದು ಕಾಟ ಶುರುವಾಗಿದೆ. ಕೀ ತಿರುಗಿಸಿದರೆ ಕೆಲವು ಸಲ ಬಾನೆಟ್ ಒಳಗಿಂದ ‘ಟಕ್’ ಅಂತ ಒಂದೇ ಸದ್ದು ಬರುತ್ತದೆ, ಎಂಜಿನ್ ತಿರುಗುವುದಿಲ್ಲ. ಐದಾರು ಸಲ ಪ್ರಯತ್ನಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಲೈಟು, ಹಾರ್ನು ಚೆನ್ನಾಗಿವೆ. ಹೊಸ ಬ್ಯಾಟರಿ ಹಾಕಿಸಿದೆ, ಪ್ರಯೋಜನವಾಗಲಿಲ್ಲ. ಗ್ಯಾರೇಜಿಗೆ ಹೋದಾಗಲೆಲ್ಲ ಒಂದೇ ಸಲಕ್ಕೆ ಸ್ಟಾರ್ಟ್ ಆಗಿಬಿಡುತ್ತದೆ. ಈಗ ಸೆಲ್ಫ್ ಮೋಟರ್ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಈಗಲೇ ಬೇಡ. ಅಳತೆ ಮಾಡದೆ ಒಂದು ಸಾಮಾನು ಬದಲಿಸಿ ಆಯಿತು. ಎರಡನೆಯದನ್ನೂ ಹಾಗೇ ಬದಲಿಸಬೇಡಿ. ಬಂದು ಹೋಗುವ ದೋಷವನ್ನು ಅದು ಬಂದ ಹೊತ್ತಿನಲ್ಲೇ ಹಿಡಿಯಬೇಕು. ಆ ಹೊತ್ತಿನಲ್ಲಿ ಕಾರಿನ ಹತ್ತಿರ ಇರುವವರು ನೀವೇ, ಮೆಕ್ಯಾನಿಕ್ ಅಲ್ಲ. ಹಾಗಾಗಿ ಅರ್ಧ ಕೆಲಸ ನಿಮ್ಮದು.

ನಿಮ್ಮ ಪತ್ರದಲ್ಲಿ ಒಳ್ಳೆಯ ಸುಳಿವು ಇದೆ. ‘ಟಕ್’ ಅನ್ನುವುದು ಬಾನೆಟ್ ಒಳಗಿಂದ ಬರುತ್ತಿದೆ ಎಂದಿದ್ದೀರಿ. ಡ್ಯಾಶ್‌ಬೋರ್ಡ್ ಒಳಗೆ ಸಣ್ಣಗೆ ಕೇಳಿದರೆ ಅದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚಿನ ಸದ್ದು. ಎಂಜಿನ್ ಕಡೆಯಿಂದ ಜೋರಾಗಿ ಬಂದರೆ ಅದು ಸೆಲ್ಫ್ ಮೋಟರ್ ಮೇಲೆ ಕೂತಿರುವ ಸೊಲೆನಾಯ್ಡ್, ಅಂದರೆ ಕೀ ತಿರುಗಿಸಿದಾಗ ಎಳೆದುಕೊಂಡು ಮೋಟರಿಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್. ಅದು ಹೊಡೆಯುತ್ತಿದೆ ಎಂದರೆ ಕೀ ಸ್ವಿಚ್, ರಿಲೇ, ಕ್ಲಚ್ ಸ್ವಿಚ್ ಎಲ್ಲ ದಾಟಿ ಕರೆಂಟ್ ಅಲ್ಲಿಯವರೆಗೆ ಬಂದಿದೆ. ಮುಗ್ಗರಿಸುತ್ತಿರುವುದು ಬಹುತೇಕ ಅದರಿಂದ ಆಚೆಗೆ, ದಪ್ಪ ಕೇಬಲ್‌ಗಳಲ್ಲಿ ಅಥವಾ ಮೋಟರಿನಲ್ಲಿ.

ಲೈಟು ಚೆನ್ನಾಗಿ ಉರಿಯುತ್ತದೆ, ಹಾಗಾಗಿ ಕನೆಕ್ಷನ್ ಸರಿ ಇದೆ ಅಂತ ಅನ್ನಿಸುತ್ತದೆ ಅಲ್ವಾ? ಮೋಸ ಹೋಗುವುದು ಇಲ್ಲೇ. ಹಳೆಯ ಜೋಡಣೆಯಲ್ಲಿ ಬರೀ 0.02 ಓಮ್ ಅಡ್ಡಿ ಇದೆ ಅಂದುಕೊಳ್ಳಿ. ಲೈಟಿಗೆ ಬೇಕಾದ ಕರೆಂಟ್ ಹತ್ತು ಆಂಪಿಯರ್ ಇದ್ದರೆ, ದಾರಿಯಲ್ಲಿ ಕಳೆದುಹೋಗುವುದು 0.2 ವೋಲ್ಟ್ ಮಾತ್ರ. ಕಣ್ಣಿಗೇ ಗೊತ್ತಾಗುವುದಿಲ್ಲ. ಸೆಲ್ಫ್ ಮೋಟರ್ 150 ಆಂಪಿಯರ್ ಎಳೆಯಲು ಹೊರಟರೆ ಅದೇ ಜಾಗದಲ್ಲಿ 3 ವೋಲ್ಟ್ ಹೋಗಿಬಿಡುತ್ತದೆ. ಸೊಲೆನಾಯ್ಡ್ ಎಳೆದುಕೊಳ್ಳುತ್ತದೆ, ‘ಟಕ್’ ಅನ್ನುತ್ತದೆ, ಮೋಟರಿಗೆ ತ್ರಾಣ ಸಾಲುವುದಿಲ್ಲ.

ಮುಂದಿನ ಸಲ ಹೀಗಾದಾಗ ಗಾಬರಿಯಲ್ಲಿ ಮತ್ತೆ ಮತ್ತೆ ಕೀ ತಿರುಗಿಸಬೇಡಿ. ಮೊದಲು ಒಳಗಿನ ರೂಫ್ ಲೈಟ್ ಹಾಕಿಕೊಳ್ಳಿ. ಕೀ ತಿರುಗಿಸುತ್ತಾ ಅದನ್ನೇ ನೋಡಿ. ಪೂರ್ತಿ ಮಂಕಾದರೆ ಬ್ಯಾಟರಿ ಟರ್ಮಿನಲ್ ಮೇಲೆ ಮೊದಲ ಅನುಮಾನ. ಸೆಲ್ಫ್ ಮೋಟರ್ ಬಿಗಿದುಕೊಂಡಿದ್ದರೂ ಹೀಗೇ ಆಗುತ್ತದೆ. ಲೈಟ್ ಸ್ವಲ್ಪವೂ ಕದಲದಿದ್ದರೆ ಮೋಟರ್ ಕರೆಂಟನ್ನೇ ಎಳೆಯುತ್ತಿಲ್ಲ. ಆಗ ಎಂಜಿನ್ನಿನ ಅರ್ಥ್ ವೈರ್ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ), ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್, ಮೋಟರಿನ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು), ಈ ಮೂರರಲ್ಲಿ ಒಂದು.

ಅರ್ಥ್ ವೈರನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ನನ್ನ ಕೈಗೆ ಬಂದ ಒಂದು ಕಾರಿಗೆ ಆಗಲೇ ಹೊಸ ಬ್ಯಾಟರಿ, ಹೊಸ ಸೆಲ್ಫ್ ಎರಡೂ ಬಿದ್ದಿದ್ದವು. ಎಂಜಿನ್ನಿನಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ಥ್ ಪಟ್ಟಿ ಹೊರಗಿನಿಂದ ಅಚ್ಚುಕಟ್ಟಾಗಿತ್ತು. ಬೋಲ್ಟ್ ಬಿಚ್ಚಿ ನೋಡಿದರೆ ರಿಂಗಿನ ಅಡಿಯಲ್ಲಿ ತುಕ್ಕಿನ ಪದರ. ತಂತಿಯನ್ನು ಬಗ್ಗಿಸಿದಾಗ ಪ್ಲಾಸ್ಟಿಕ್ ಹೊದಿಕೆಯ ತುದಿಯಿಂದ ಹಸಿರು ಪುಡಿ ಉದುರಿತು. ಒಳಗಿನ ಎಳೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡಿದುಹೋಗಿದ್ದವು. ಹೊಸ ಪಟ್ಟಿ ಹಾಕಿ, ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿ ಮಾಡಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ತೆಗೆದುಹಾಕಿದ ಹಳೆಯ ಸೆಲ್ಫ್ ಮೋಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಅದು ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಆದ್ದರಿಂದ ಮೆಕ್ಯಾನಿಕ್ ಹತ್ತಿರ ‘ಕ್ರ್ಯಾಂಕ್ ಮಾಡುವಾಗ ವೋಲ್ಟೇಜ್ ಡ್ರಾಪ್ ನೋಡಿ’ ಎಂದು ಕೇಳಿ. ಅಂದರೆ ಕೀ ತಿರುಗಿಸಿ ಎಂಜಿನ್ ತಿರುಗಿಸುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂದು ಅಳೆಯುವುದು. ಸಾಮಾನ್ಯ ಮಲ್ಟಿಮೀಟರ್ ಸಾಕು. ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಒಂದು ತುದಿ, ಎಂಜಿನ್ನಿನ ಬರಿ ಲೋಹಕ್ಕೆ ಇನ್ನೊಂದು. ಕಂಬಕ್ಕೇ ಹಿಡಿಯಬೇಕು, ಅದರ ಮೇಲಿನ ಕ್ಲ್ಯಾಂಪಿಗಲ್ಲ. ಯಾಕೆಂದರೆ ದೋಷ ಅವೆರಡರ ನಡುವೆಯೇ ಇರಬಹುದು. ಒಬ್ಬರು ಕೀ ತಿರುಗಿಸುವಾಗ ಮೀಟರ್ 0.2 ವೋಲ್ಟಿನ ಒಳಗೆ ಇರಬೇಕು. ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಕೇಬಲ್ ಕೂರುವ ಬೋಲ್ಟಿನವರೆಗೆ 0.5 ವೋಲ್ಟಿನ ಒಳಗೆ. ಇದಕ್ಕಿಂತ ಜಾಸ್ತಿ ಬಂದರೆ ಆ ಕಡೆಯ ಜೋಡಣೆಗಳನ್ನು ಒಂದೊಂದಾಗಿ ಬಿಚ್ಚಿ ಉಜ್ಜಬೇಕು. ಎರಡೂ ಸರಿ ಇದ್ದು, ಕ್ರ್ಯಾಂಕ್ ಮಾಡುವಾಗ ಬ್ಯಾಟರಿಯೂ 9.6 ವೋಲ್ಟಿಗಿಂತ ಕೆಳಗೆ ಇಳಿಯದೆ, ಆದರೂ ಮೋಟರ್ ತಿರುಗದಿದ್ದರೆ ಆಗ ಸೆಲ್ಫ್ ಬಿಚ್ಚಲು ಅರ್ಥವಿದೆ. ಬಿಚ್ಚಿದ ಮೇಲೂ ಬ್ರಷ್ ಸವೆದಿದೆಯೇ, ಕಾಂಟ್ಯಾಕ್ಟ್ ಸುಟ್ಟಿದೆಯೇ ನೋಡಿಸಿ. ಎಷ್ಟೋ ಮೋಟರುಗಳಲ್ಲಿ ಅಷ್ಟನ್ನೇ ಬದಲಿಸಬಹುದು.

ಇಷ್ಟಕ್ಕೂ ಮೊದಲು ನೀವೇ ಮಾಡಬಹುದಾದ ಒಂದು ಕೆಲಸ: ಕಾರು ಆಫ್ ಮಾಡಿ, ಬ್ಯಾಟರಿಯ ಕ್ಲ್ಯಾಂಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಒಂದಿಷ್ಟು ಅಲುಗಾಡಿದರೂ ಅದು ಸಡಿಲವೇ. ಬ್ಯಾಟರಿ ಹೊಸದು ಹಾಕಿದವರು ಹಳೆಯ ಕ್ಲ್ಯಾಂಪನ್ನು ಉಜ್ಜದೆ ಕೂರಿಸಿರುವುದು ಬಹಳ ಸಾಮಾನ್ಯ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಈ ಕ್ರಮ ತಪ್ಪಿಸಬೇಡಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿದರೆ ಕಿಡಿ ಹಾರುತ್ತದೆ.

ಪ್ರಶ್ನೆ: ನನ್ನ ಪೆಟ್ರೋಲ್ ಕಾರು ಬೆಳಿಗ್ಗೆ ಸರಿಯಾಗಿ ಸ್ಟಾರ್ಟ್ ಆಗುತ್ತದೆ. ದೂರ ಓಡಿಸಿ ಹತ್ತು ನಿಮಿಷ ನಿಲ್ಲಿಸಿದರೆ ಎಂಜಿನ್ ಗಿರಗಿರ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಸರಿಹೋಗುತ್ತದೆ. ಇದೂ ಸೆಲ್ಫ್ ತೊಂದರೆಯೇ?

ಉತ್ತರ: ಅಲ್ಲ. ಎಂಜಿನ್ ಚುರುಕಾಗಿ ತಿರುಗುತ್ತಿದ್ದರೆ ಬ್ಯಾಟರಿ, ಸೆಲ್ಫ್ ಎರಡನ್ನೂ ಪಕ್ಕಕ್ಕಿಡಿ. ಸ್ಪಾರ್ಕ್ ಇಲ್ಲ, ಇಲ್ಲವೇ ಪೆಟ್ರೋಲ್ ಬರುತ್ತಿಲ್ಲ. ಬಿಸಿಯಾದಾಗ ಕೈಕೊಟ್ಟು, ತಣ್ಣಗಾದ ಮೇಲೆ ಸರಿಹೋಗುವುದು ಕ್ರ್ಯಾಂಕ್ ಸೆನ್ಸರಿನ ಹಳೆಯ ಚಾಳಿ. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವುದು ಅದು. ಅದು ಸುಮ್ನೆ ಕೂತರೆ ಸ್ಪಾರ್ಕೂ ಇಲ್ಲ, ಪೆಟ್ರೋಲೂ ಇಲ್ಲ.

ಮುಂದಿನ ಸಲ ಎರಡು ವಿಷಯ ಗಮನಿಸಿ. ಕೀ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ‘ಗುಂಯ್’ ಅನ್ನುವ ಪಂಪಿನ ಸದ್ದು ಬರುತ್ತದೆಯೇ? ಬೆಳಿಗ್ಗೆ ಬಂದು, ಬಿಸಿಯಾದಾಗ ಬರದಿದ್ದರೆ ಪಂಪ್ ಅಥವಾ ಅದರ ರಿಲೇ. ಸದ್ದು ಬಂದರೆ, ಎಂಜಿನ್ ತಿರುಗುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಏಳುತ್ತದೆಯೇ ನೋಡಿ. ಕೆಲವು ಕಾರುಗಳಲ್ಲಿ ಮುಳ್ಳು ಸೆನ್ಸರ್ ಸರಿ ಇದ್ದರೂ ಏಳುವುದಿಲ್ಲ. ಹಾಗಾಗಿ ಕಾರು ತಣ್ಣಗಿರುವಾಗ ಏಳುತ್ತಿತ್ತೇ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಇದ್ದರೆ ಇನ್ನೂ ಖಚಿತ: ಎಂಜಿನ್ ತಿರುಗುತ್ತಿರುವಾಗಲೂ ಅದರಲ್ಲಿ ಆರ್‌ಪಿಎಂ ಸೊನ್ನೆ ಇದ್ದರೆ ಸೆನ್ಸರ್, ಇಲ್ಲವೇ ಅದರ ವೈರಿಂಗ್. ಚೆಕ್ ಎಂಜಿನ್ ಲೈಟ್ ಬಂದಿಲ್ಲ ಎಂದು ಸೆನ್ಸರನ್ನು ಬಿಟ್ಟುಬಿಡಬೇಡಿ. ಎಷ್ಟೋ ಸಲ ಕಂಪ್ಯೂಟರಿನಲ್ಲಿ ದೋಷದ ಕೋಡ್ ದಾಖಲಾಗುವುದೇ ಇಲ್ಲ.

ಎರಡನ್ನೂ ಫೋನಿನಲ್ಲಿ ವಿಡಿಯೊ ಮಾಡಿ ಇಟ್ಟುಕೊಳ್ಳಿ, ಸದ್ದಿನ ಸಮೇತ. ಗ್ಯಾರೇಜಿನಲ್ಲಿ ಕಾರು ಮತ್ತೆ ಒಂದೇ ಸಲಕ್ಕೆ ಸ್ಟಾರ್ಟ್ ಆದಾಗ ತೋರಿಸಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ.